ಒಂಟೆಗೆ ನೆಗಡಿಯಾದಾಗ

(ಶಾಲೆಯ ಪ್ರಮಾಣಪತ್ರ ಪ್ರದಾನ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಕರೆದವರು ಹೇಳಿದ್ದು ಇಷ್ಟೇ: "ಮೇಡಂ, ನೀವು ಲ್ಯಾಬಿನಲ್ಲಿ ಏನು ಮಾಡುತ್ತೀರೋ ಅದನ್ನೇ ಕನ್ನಡದಲ್ಲಿ ಹೇಳಿ. ಇಪ್ಪತ್ತು ನಿಮಿಷ ಸಾಕು, ಊಟ ಆರಬಾರದು." ನಾನು ಸಂಶೋಧಕಿ ಅಲ್ಲ, ಲ್ಯಾಬ್ ಟೆಕ್ನಿಶಿಯನ್. ಪ್ರಾಣಿಗಳ ರಕ್ತ, ಮೂಗಿನ ದ್ರವ, ಅಂಗಾಂಶದ ಚೂರು ಇವೇ ನನ್ನ ಮೇಜಿಗೆ ಬರುವ ಅತಿಥಿಗಳು. ದೊಡ್ಡವರು ಬರೆದ ಪ್ರಬಂಧಗಳನ್ನು ಓದುತ್ತೇನೆ, ಅದರಲ್ಲಿ ಹೇಳಿದ ಕೆಲಸವನ್ನು ಕೈಯಿಂದ ಮಾಡಲು ಬರುತ್ತದೆ. ಅಷ್ಟರ ಧೈರ್ಯದ ಮೇಲೆ ಮಾತಾಡುತ್ತೇನೆ.

ಏನು ಮಾತಾಡುವುದು ಎಂದು ಯೋಚಿಸುವಾಗ ನೆನಪಾದದ್ದು ಒಂದು ಮಗುವಿನ ಪ್ರಶ್ನೆ. ಕಳೆದ ಚಳಿಗಾಲದಲ್ಲಿ ನಾವು ಕೆಲವು ಮನೆಗಳವರು ಕಬ್ದ್ ಕಡೆ ಮರಳುಗಾಡಿಗೆ ಹೋಗಿದ್ದೆವು. ಅಲ್ಲೊಂದು ಜಾಖೂರ್, ಅಂದರೆ ಒಂಟೆ ಕುರಿ ಸಾಕುವ ದೊಡ್ಡಿ. ಬೇಲಿಯ ಆಚೆ ನಿಂತ ಒಂಟೆಮರಿಯ ಮೂಗು ಸುರಿಯುತ್ತಿತ್ತು. ಎರಡನೇ ತರಗತಿಯ ಹುಡುಗಿ ನನ್ನ ದುಪಟ್ಟಾ ಎಳೆದು ಕೇಳಿದಳು, "ಆಂಟಿ, ಒಂಟೆ ನೆಗಡಿ ನಮಗೂ ಬರುತ್ತಾ?" ಅವಳ ಅಮ್ಮ "ಸುಮ್ಮನಿರೇ" ಅಂದರು. ಆದರೆ ಅದು ಸುಮ್ಮನಿರಿಸುವ ಪ್ರಶ್ನೆಯಲ್ಲ. ಹತ್ತು ಹನ್ನೆರಡು ವರ್ಷಗಳಿಂದ ಹಲವು ದೇಶಗಳ ಪ್ರಯೋಗಾಲಯಗಳು ಅದೇ ಪ್ರಶ್ನೆಯ ಹಿಂದೆ ಬಿದ್ದಿವೆ.

ವಿಷಯ ಹೀಗಿದೆ. 2012ರ ಜೂನ್‌ನಲ್ಲಿ ಜೆಡ್ಡಾದ ಒಂದು ಆಸ್ಪತ್ರೆಗೆ ಅರವತ್ತು ವರ್ಷದ ಒಬ್ಬರು ನ್ಯುಮೋನಿಯಾ ಆಗಿ ಸೇರಿದರು, ಬದುಕಲಿಲ್ಲ. ಅವರ ಕಫದಲ್ಲಿ ಅಲ್ಲಿನ ವೈರಾಣು ತಜ್ಞ ಡಾ. ಅಲಿ ಮೊಹಮ್ಮದ್ ಝಾಕಿ ಅವರಿಗೆ ಅದುವರೆಗೆ ಯಾರೂ ಕಾಣದ ಒಂದು ಕೊರೋನಾ ವೈರಸ್ ಸಿಕ್ಕಿತು. ಮುಂದಿನ ವರ್ಷ ಅದಕ್ಕೆ ಮರ್ಸ್ ಎಂಬ ಹೆಸರು ಬಂತು. ಇದುವರೆಗೆ 27 ದೇಶಗಳಲ್ಲಿ 2,600ಕ್ಕೂ ಹೆಚ್ಚು ಜನರಿಗೆ ತಗುಲಿದೆ, ವರದಿಯಾದ ರೋಗಿಗಳಲ್ಲಿ ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ತೀರಿಕೊಂಡಿದ್ದಾರೆ. ಹೆಚ್ಚಿನವು ಸೌದಿಯಲ್ಲಿ. ಕುವೈತಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ, ಮೊದಲನೆಯವು 2013ರ ನವೆಂಬರಿನಲ್ಲಿ. 2015ರಲ್ಲಿ ಕೊಲ್ಲಿಯಿಂದ ಮರಳಿದ ಒಬ್ಬ ಪ್ರಯಾಣಿಕನಿಂದ ದಕ್ಷಿಣ ಕೊರಿಯಾದ ಆಸ್ಪತ್ರೆಗಳಲ್ಲಿ ಹರಡಿ ಒಟ್ಟು 186 ಜನ ಕಾಯಿಲೆ ಬಿದ್ದು 38 ಜನ ಸತ್ತರು. ಕೋವಿಡ್‌ಗೆ ಮುಂಚಿನ ಮಾತು ಇದು. ಆಗ ನಮ್ಮಲ್ಲಿ ಬಹಳ ಜನ ಮಾಸ್ಕ್ ಅಂದರೆ ಆಪರೇಷನ್ ಥಿಯೇಟರಿನದು ಅಂದುಕೊಂಡಿದ್ದೆವು.

ವೈರಸ್ ಬಂದದ್ದು ಒಂಟೆಯಿಂದ ಎಂದು ಬೇಗ ಗೊತ್ತಾಯಿತು. ಆದರೆ ವಿಚಿತ್ರ ಇಲ್ಲೇ ಇದೆ. 1983ರಷ್ಟು ಹಿಂದೆ ಆಫ್ರಿಕಾದ ಒಂಟೆಗಳಿಂದ ತೆಗೆದು ಕಾಪಿಟ್ಟಿದ್ದ ರಕ್ತದಲ್ಲೂ ಈ ವೈರಸ್‌ನ ವಿರುದ್ಧದ ಪ್ರತಿಕಾಯಗಳು ಸಿಕ್ಕವು. ಅಂದರೆ ಮೂವತ್ತು ವರ್ಷ ಅದು ಒಂಟೆಗಳ ನಡುವೆ ಓಡಾಡಿಕೊಂಡಿತ್ತು, ಯಾವ ಒಂಟೆ ಸಾಕುವವನೂ "ನನ್ನ ಒಂಟೆಗಳು ಸಾಯುತ್ತಿವೆ" ಎಂದು ಬಾಯಿ ಬಡಿದುಕೊಳ್ಳಲಿಲ್ಲ. 2014ರಲ್ಲಿ ಅಮೆರಿಕದಲ್ಲಿ ಮೂರು ಒಂಟೆಗಳಿಗೆ ಬೇಕೆಂದೇ ವೈರಸ್ ಕೊಟ್ಟು ನೋಡಿದರು. ಮೂಗು ಸುರಿಯಿತು, ಸ್ವಲ್ಪ ಮೈ ಬಿಸಿಯಾಯಿತು, ಮುಗಿಯಿತು. ಮೂಗಿನಿಂದ ಮಾತ್ರ ರಾಶಿ ರಾಶಿ ವೈರಸ್ ಹೊರಬರುತ್ತಿತ್ತು. ಮನುಷ್ಯನನ್ನು ವೆಂಟಿಲೇಟರಿಗೆ ಹಾಕುವ ವೈರಸ್ಸು ಒಂಟೆಗೆ ಬರೀ ನೆಗಡಿ. ಏಕೆ?

ಉತ್ತರಕ್ಕೆ ಜೀವಕೋಶದ ಒಳಗೆ ಹೋಗಬೇಕು. ಜೀನ್ ಎನ್ನುವುದಕ್ಕೆ ಕನ್ನಡದಲ್ಲಿ ವಂಶವಾಹಿ ಎಂಬ ಪದ ಇದೆ. ಚಂದದ ಪದ, ಆದರೆ ಅರ್ಧವನ್ನೇ ಹೇಳುತ್ತದೆ. ಅಜ್ಜನ ಮೂಗನ್ನು ಮೊಮ್ಮಗನಿಗೆ ದಾಟಿಸುವುದು ಅದರ ಒಂದು ಕೆಲಸ. ಈಗ, ನೀವು ಇಲ್ಲಿ ಕುರ್ಚಿಯಲ್ಲಿ ಕೂತಿರುವಾಗಲೂ, ನಿಮ್ಮ ಮೈಯ ಪ್ರತಿ ಜೀವಕೋಶದಲ್ಲಿ ಅದು ದುಡಿಯುತ್ತಿರುತ್ತದೆ ಅನ್ನುವುದು ಆ ಪದದಲ್ಲಿಲ್ಲ. ಜೀನ್ ಎಕ್ಸ್‌ಪ್ರೆಶನ್ ಎನ್ನುವುದಕ್ಕೆ ಪುಸ್ತಕಗಳು ಅಭಿವ್ಯಕ್ತಿ ಎನ್ನುತ್ತವೆ. ಕೇಳಿದರೆ ಜೀನು ಭಾವಗೀತೆ ಬರೆಯಲು ಕೂತ ಹಾಗಿರುತ್ತದೆ! ನಾನು ಜೀನ್ ಕೆಲಸಕ್ಕಿಳಿಯುವುದು ಎಂದೇ ಹೇಳುತ್ತೇನೆ, ಕನ್ನಡ ಮೇಡಂಗಳು ಕ್ಷಮಿಸಬೇಕು.

ನಮ್ಮ ಶಾಲೆಯನ್ನೇ ತೆಗೆದುಕೊಳ್ಳಿ. ಪ್ರತಿ ಕೋಣೆಯಲ್ಲೂ ಒಂದು ಕಪಾಟು, ಪ್ರತಿ ಕಪಾಟಿನಲ್ಲೂ ಒಂದನೆಯಿಂದ ಕೊನೆಯ ತರಗತಿಯವರೆಗಿನ ಎಲ್ಲಾ ಪುಸ್ತಕ ಇದೆ ಅಂದುಕೊಳ್ಳಿ. ಪುಸ್ತಕವನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಆ ದಿನದ ಪಾಠದ ಪುಟವನ್ನು ಮಾತ್ರ ಟೀಚರ್ ಜೆರಾಕ್ಸ್ ಮಾಡಿಸಿ ಹಂಚುತ್ತಾರೆ. ಪುಟ್ಟ ಮಕ್ಕಳ ಕೋಣೆಯಲ್ಲಿ ಅ ಆ ಇ ಈ ಹಾಳೆ, ದೊಡ್ಡ ಮಕ್ಕಳ ಕೋಣೆಯಲ್ಲಿ ವಚನದ ಹಾಳೆ. ಕಪಾಟು ಒಂದೇ, ಹಾಳೆ ಬೇರೆ. ಜೀವಕೋಶದಲ್ಲೂ ಹಾಗೆಯೇ. ಡಿಎನ್‌ಎ ಎಂಬ ಪುಸ್ತಕ ಕಪಾಟಿನಲ್ಲೇ ಇರುತ್ತದೆ, ಎಂಆರ್‌ಎನ್‌ಎ ಎಂಬ ಜೆರಾಕ್ಸ್ ಹಾಳೆ ಹೊರಗೆ ಬರುತ್ತದೆ. ಆ ಹಾಳೆ ನೋಡಿಕೊಂಡು ಪ್ರೋಟೀನು ತಯಾರಾಗುತ್ತದೆ. ನಿಮ್ಮ ಮೂಗಿನ ಜೀವಕೋಶಕ್ಕೂ ಯಕೃತ್ತಿನ ಜೀವಕೋಶಕ್ಕೂ ಪುಸ್ತಕದಲ್ಲಿ ವ್ಯತ್ಯಾಸವಿಲ್ಲ. ಯಾವ ಪುಟದ ಎಷ್ಟು ಜೆರಾಕ್ಸ್ ಅನ್ನುವುದರಲ್ಲೇ ವ್ಯತ್ಯಾಸ.

ನನ್ನ ಕೆಲಸ ಆ ಹಾಳೆಗಳನ್ನು ಎಣಿಸುವುದು. ಸುಲಭ ಅನ್ನಿಸಬಹುದು. ಈ ಹಾಳೆಗಳು ಬಹಳ ಬೇಗ ಹರಿದುಹೋಗುತ್ತವೆ. ಅವನ್ನು ತಿಂದುಹಾಕುವ ಕಿಣ್ವ ನಮ್ಮ ಬೆರಳ ತುದಿಯಲ್ಲೇ ಇರುತ್ತದೆ, ಒಂದು ಸಲ ಗ್ಲೌಸ್ ಇಲ್ಲದೆ ಮುಟ್ಟಿದರೆ ವಾರದ ಶ್ರಮ ಹಾಳು. ಜುಲೈ ತಿಂಗಳಲ್ಲಿ 48 ಡಿಗ್ರಿ ಬಿಸಿಲಿನಲ್ಲಿ ದೊಡ್ಡಿಯಿಂದ ಮಾದರಿ ತರುವುದೆಂದರೆ, ಬೇಸಿಗೆಯಲ್ಲಿ ಊರಿಂದ ಮಲ್ಲಿಗೆ ಮೊಗ್ಗು ತಂದ ಹಾಗೆ. ಅಲ್ಲಿಯೇ ವಿಶೇಷ ದ್ರಾವಣಕ್ಕೆ ಹಾಕಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಬಂದ ಕೂಡಲೇ ಮೈನಸ್ 80 ಡಿಗ್ರಿಯ ಫ್ರೀಜರಿಗೆ ಸೇರಿಸಬೇಕು.

ಎಣಿಸುವ ಯಂತ್ರ ನಿಮಗೆಲ್ಲ ಗೊತ್ತು. ವಿಮಾನ ಹತ್ತುವ ಮೊದಲು ಮೂಗಿಗೆ ಕಡ್ಡಿ ಹಾಕಿಸಿಕೊಂಡು ಪಿಸಿಆರ್ ಮಾಡಿಸಿಕೊಂಡಿದ್ದೀರಲ್ಲ, ಅದೇ. ಅಲ್ಲಿ ಹುಡುಕಿದ್ದು ವೈರಸ್‌ನ ಹಾಳೆ, ಇಲ್ಲಿ ಎಣಿಸುವುದು ಪ್ರಾಣಿಯದೇ ಹಾಳೆ. ಆರ್‌ಎನ್‌ಎಯನ್ನು ಮೊದಲು ಡಿಎನ್‌ಎಗೆ ತಿರುಗಿಸಿ ಯಂತ್ರಕ್ಕೆ ಹಾಕಿದರೆ ಒಂದೊಂದು ಸುತ್ತಿಗೆ ಅದು ಎರಡರಷ್ಟಾಗುತ್ತಾ ಹೋಗುತ್ತದೆ. ಒಂದು ಮಾದರಿ ಇನ್ನೊಂದಕ್ಕಿಂತ ಮೂರು ಸುತ್ತು ಮೊದಲೇ ಕಾಣಿಸಿಕೊಂಡರೆ ಅದರಲ್ಲಿ ಎಂಟು ಪಟ್ಟು ಹೆಚ್ಚು ಇತ್ತು ಎಂದು ಅರ್ಥ. ಒಂದು ಚೂರು ದೊಡ್ಡದು, ಒಂದು ಸಣ್ಣದು ಇದ್ದರೆ? ಅದಕ್ಕೆ ಎಲ್ಲಾ ಜೀವಕೋಶಗಳಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ನಡೆಯುವ ಕೆಲವು ಜೀನ್‌ಗಳಿವೆ. ಮನೆವಾರ್ತೆಯ ಜೀನ್‌ಗಳು ಅನ್ನಬಹುದು, ಬೀಟಾ ಆಕ್ಟಿನ್ ಅಂಥದ್ದು. ಯಾವ ಮನೆಯಲ್ಲಿ ಹಬ್ಬವೋ ಯಾವ ಮನೆಯಲ್ಲಿ ಕಾಯಿಲೆಯೋ, ಅಕ್ಕಿಯಂತೂ ಬೇಯುತ್ತದೆ. ಆ ಅಳತೆಗೆ ಹೋಲಿಸಿ ಉಳಿದದ್ದನ್ನು ಲೆಕ್ಕ ಹಾಕುತ್ತೇವೆ.

ಈಗ ಒಂಟೆಗೆ ಮರಳೋಣ. ವೈರಸ್ ಜೀವಕೋಶದೊಳಗೆ ನುಗ್ಗಬೇಕಾದರೆ ಅದರ ಮೈಮೇಲೆ ಹಿಡಿದುಕೊಳ್ಳಲು ಒಂದು ಹಿಡಿಕೆ ಬೇಕು. 2013ರಲ್ಲಿ ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮಿನ ಎರಾಸ್ಮಸ್ ವೈದ್ಯಕೀಯ ಕೇಂದ್ರದವರು ಮರ್ಸ್ ವೈರಸ್ಸಿನ ಹಿಡಿಕೆ ಡಿಪಿಪಿ-4 ಎಂಬ ಪ್ರೋಟೀನು ಎಂದು ತೋರಿಸಿದರು. ಆ ಪ್ರಬಂಧದ ಮೊದಲ ಹೆಸರು ವಿ. ಸ್ಟಾಲಿನ್ ರಾಜ್, ಮುಂದೆ ತಿರುವನಂತಪುರದ ಐಸರ್‌ನಲ್ಲಿ ಅಧ್ಯಾಪಕರಾದವರು. ಡಿಪಿಪಿ-4ರ ಜೀನ್ ಒಂಟೆಯಲ್ಲೂ ಇದೆ, ನಮ್ಮಲ್ಲೂ ಇದೆ. ಹಾಗಾದರೆ ವ್ಯತ್ಯಾಸ ಎಲ್ಲಿ?

ಎಲ್ಲಿ ಎನ್ನುವುದೇ ವ್ಯತ್ಯಾಸ. 2016ರಲ್ಲಿ ಅದೇ ಊರಿನವರು ಒಂಟೆಯ ಮೂಗಿನ ಅಂಗಾಂಶ ಮತ್ತು ಮನುಷ್ಯನ ಮೂಗಿನ ಅಂಗಾಂಶವನ್ನು ತೆಳುವಾಗಿ ಕತ್ತರಿಸಿ, ಡಿಪಿಪಿ-4 ಇರುವ ಕಡೆ ಮಾತ್ರ ಬಣ್ಣ ಏರುವಂತೆ ಮಾಡಿ ನೋಡಿದರು. ಒಂಟೆಯ ಮೂಗಿನ ಒಳಪೊರೆಯ ಜೀವಕೋಶಗಳು ಬಣ್ಣ ತೋರಿಸಿದವು. ಮನುಷ್ಯನ ಮೂಗಿನ ಒಳಪೊರೆ ಹೆಚ್ಚುಕಡಿಮೆ ಖಾಲಿ. ನಮ್ಮಲ್ಲಿ ಆ ಜೀನ್ ಕೆಲಸಕ್ಕಿಳಿಯುವುದು ಬಹಳ ಕೆಳಗೆ, ಶ್ವಾಸಕೋಶದ ಗಾಳಿಚೀಲಗಳಲ್ಲಿ. ಹಾಗಾಗಿ ಒಂಟೆಯಲ್ಲಿ ವೈರಸ್ ಬಾಗಿಲಲ್ಲೇ ಕೂತು ಅಲ್ಲೇ ಬೆಳೆದು ಸೀನಿನ ಜೊತೆ ಹೊರಟುಹೋಗುತ್ತದೆ. ನಮ್ಮ ಮೂಗಿನಲ್ಲಿ ಅದಕ್ಕೆ ಹಿಡಿಕೆ ಸಿಗುವುದು ಕಷ್ಟ, ಅದಕ್ಕೇ ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹರಡುವುದಿಲ್ಲ. ಆದರೆ ಕೆಳಗಿಳಿಯಿತೋ, ಮನೆಯ ನಡುಕೋಣೆಗೇ ಬೆಂಕಿ.

ಇದಿಷ್ಟು ಆರೋಗ್ಯವಾಗಿರುವ ಪ್ರಾಣಿಯ ಎರಡು ಬಗೆಯ ಜೀವಕೋಶಗಳ ಮಾತು. ಕಾಯಿಲೆ ಬಂದಾಗ ಏನಾಗುತ್ತದೆ ಅನ್ನುವುದು ಇನ್ನೊಂದು ಹೋಲಿಕೆ, ಇದರಲ್ಲಿ ಒಂದು ಬಲೆ ಇದೆ. ನಾನು ಇವತ್ತು ಹೇಳಲೇಬೇಕೆಂದುಕೊಂಡು ಬಂದದ್ದು ಇದನ್ನೇ.

ಈ ಶಾಲೆಯ ಜೆರಾಕ್ಸ್ ಬಿಲ್ಲು ತೆಗೆದು ನೋಡಿದಿರಿ ಅಂದುಕೊಳ್ಳಿ. ಹೋದ ವರ್ಷಕ್ಕಿಂತ ಈ ವರ್ಷ ಅಕ್ಷರಮಾಲೆಯ ಹಾಳೆ ಎರಡರಷ್ಟಾಗಿದೆ. ಟೀಚರ್ ಒಂದೊಂದು ಮಗುವಿಗೂ ಎರಡೆರಡು ಹಾಳೆ ಬರೆಸುತ್ತಿದ್ದಾರೆಯೇ? ಅಥವಾ ಪುಟಾಣಿಗಳೇ ಎರಡರಷ್ಟು ಸೇರಿದ್ದಾರೆಯೇ? ಬಿಲ್ಲು ನೋಡಿ ಹೇಳಲಾಗದು. ಕೋಣೆಗೆ ಹೋಗಿ ತಲೆ ಎಣಿಸಬೇಕು.

ಊರಲ್ಲಿ ಹಸು ಸಾಕಿದವರಿಗೆ ಕೆಚ್ಚಲು ಬಾವು ಗೊತ್ತಿರುತ್ತದೆ. ಆರೋಗ್ಯವಾದ ಹಸುವಿನ ಒಂದು ಮಿಲಿಲೀಟರ್ ಹಾಲಿನಲ್ಲಿ ಸಾಮಾನ್ಯವಾಗಿ ಎರಡು ಲಕ್ಷಕ್ಕಿಂತ ಕಡಿಮೆ ಜೀವಕೋಶಗಳಿರುತ್ತವೆ. ಬಾವು ಬಂದರೆ ಅದು ಹತ್ತಾರು ಲಕ್ಷಕ್ಕೆ ಏರುತ್ತದೆ, ಹೆಚ್ಚಿನವು ರಕ್ತದಿಂದ ಧಾವಿಸಿ ಬಂದ ಬಿಳಿ ರಕ್ತಕಣಗಳು. ಈ ಹಾಲಿನ ಜೀವಕೋಶಗಳನ್ನೆಲ್ಲ ಒಟ್ಟಿಗೆ ಅರೆದು ಹಾಳೆ ಎಣಿಸಿದರೆ ರೋಗದ ವಿರುದ್ಧ ಹೋರಾಡುವ ಜೀನ್‌ಗಳು ಏರಿದಂತೆಯೂ, ಹಾಲಿನ ಕೇಸೀನ್ ಪ್ರೋಟೀನಿನ ಜೀನ್ ಬಿದ್ದಂತೆಯೂ ಕಾಣುತ್ತದೆ. ಕೆಚ್ಚಲಿನ ಜೀವಕೋಶ ನಿಜವಾಗಿ ಹಾಲು ಮಾಡುವುದನ್ನು ಕಡಿಮೆ ಮಾಡಿತೋ, ಇಲ್ಲ ಗುಂಪಿನಲ್ಲಿ ಅದರ ದನಿ ಮುಳುಗಿಹೋಯಿತೋ? ಎರಡೂ ಇರಬಹುದು. ಎಷ್ಟೆಷ್ಟು ಅನ್ನುವುದು ಬೇರ್ಪಡಿಸದೆ ತಿಳಿಯುವುದಿಲ್ಲ. "ಕಾಯಿಲೆಯಲ್ಲಿ ಇಂಥ ಜೀನ್ ಇಷ್ಟು ಪಟ್ಟು ಏರಿತು" ಎಂಬ ಸುದ್ದಿ ಓದಿದಾಗ ನನಗೆ ಮೊದಲು ಬರುವ ಪ್ರಶ್ನೆ: ಯಾರ ಯಾರನ್ನು ಅರೆದು ಎಣಿಸಿದಿರಿ ಸ್ವಾಮಿ?

ಬಾರ್ಸಿಲೋನಾದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಕೆಲಸ ನನಗೆ ಇಷ್ಟವಾಗಲು ಕಾರಣ ಇದೇ. ಒಂಟೆಯನ್ನು ಬಿಗಿ ಭದ್ರತೆಯ ಪ್ರಯೋಗಾಲಯದೊಳಗೆ ಇಟ್ಟುಕೊಳ್ಳುವುದು ಸುಲಭವಲ್ಲ. ಆದ್ದರಿಂದ ಅವರು ಒಂಟೆಯ ಚಿಕ್ಕಪ್ಪನ ಮಗನಂಥ ಅಲ್ಪಾಕಾ ಎಂಬ ಪ್ರಾಣಿಯನ್ನು ಆರಿಸಿಕೊಂಡರು. ದಕ್ಷಿಣ ಅಮೆರಿಕದ್ದು, ಮೈತುಂಬಾ ಉಣ್ಣೆ, ಮುಖ ಮಾತ್ರ ಒಂಟೆಯದೇ. ಅದಕ್ಕೂ ಮರ್ಸ್ ತಗುಲಿದರೆ ನೆಗಡಿಗಿಂತ ಹೆಚ್ಚೇನೂ ಆಗುವುದಿಲ್ಲ. ಮೂಗಿಗೆ ವೈರಸ್ ಕೊಡುವ ಮೊದಲಿನ ಸ್ಥಿತಿ, ಕೊಟ್ಟ ನಂತರ ಒಂದು, ಎರಡು, ಮೂರು, ನಾಲ್ಕನೇ ದಿನ, ಹೀಗೆ ಅಂಗಾಂಶ ತೆಗೆದರು. ತೆಗೆದದ್ದನ್ನು ಒಟ್ಟಿಗೆ ಅರೆಯಲಿಲ್ಲ. ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಲೇಸರ್ ಕಿರಣದಿಂದ ಮೂಗಿನ ಒಳಪೊರೆಯ ಒಂದು ಪದರವನ್ನು ಮಾತ್ರ ಕತ್ತರಿಸಿ ತೆಗೆದರು, ಅದರ ಕೆಳಗಿನ ಪದರವನ್ನು ಬೇರೆ ತೆಗೆದರು. ಹಲಸಿನ ಹಣ್ಣಿನಲ್ಲಿ ತೊಳೆ ಬೇರೆ, ರೆಚ್ಚೆ ಬೇರೆ ಮಾಡಿದ ಹಾಗೆ. ಆಮೇಲೆ ಒಂದೊಂದರ ಹಾಳೆ ಎಣಿಸಿದರು.

ಸಿಕ್ಕಿದ್ದೇನು? ಎರಡನೇ ದಿನ ಮೂಗಿನ ಒಳಪೊರೆಯ ಜೀವಕೋಶಗಳಲ್ಲೇ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನುಗಳ ಹಾಳೆ ಭಾರಿ ಪ್ರಮಾಣದಲ್ಲಿ ಏರಿತು. ಬೇಗ ಏರಿತು, ಬೇಗ ಇಳಿಯಿತು. ಊರ ಬಾಗಿಲಲ್ಲಿ ಡಂಗುರ ಸಾರಿದ ಹಾಗೆ ಆ ಸುದ್ದಿ ಶ್ವಾಸನಾಳದುದ್ದಕ್ಕೂ ಮುಟ್ಟಿತು. ಕೆಳಗಿನ ಜೀವಕೋಶಗಳು ವೈರಸ್ ಬರುವ ಮೊದಲೇ ತಡೆಯುವ ಜೀನ್‌ಗಳನ್ನು ಕೆಲಸಕ್ಕಿಳಿಸಿಕೊಂಡವು. ಅದೇ ವೇಳೆ ಉರಿಯೂತ ಎಬ್ಬಿಸುವ ಜೀನ್‌ಗಳು ಮಾತ್ರ ಹತೋಟಿ ಮೀರಲಿಲ್ಲ. ಮನುಷ್ಯರಲ್ಲಿ ಶ್ವಾಸಕೋಶವನ್ನು ಹಾಳುಮಾಡುವುದು ಬಹುಪಾಲು ಈ ಉರಿಯೂತವೇ, ಕಳ್ಳನನ್ನು ಹಿಡಿಯಲು ಬಂದ ಜನವೇ ಮನೆ ಮುರಿದ ಹಾಗೆ. ಡಂಗುರ ಸಾರಿದ್ದು ಒಳಪೊರೆಯೇ, ಹೊರಗಿನಿಂದ ಬಂದ ಬಿಳಿ ರಕ್ತಕಣಗಳಲ್ಲ, ಎಂದು ಅವರು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಆ ಲೇಸರ್ ಕತ್ತರಿಯಿಂದ. ಈಗ ಇನ್ನೂ ಮುಂದೆ ಹೋಗಿ ಸಾವಿರಾರು ಜೀವಕೋಶಗಳನ್ನು ಬಿಡಿಬಿಡಿಯಾಗಿ, ಒಂದೊಂದರ ಹಾಳೆಯನ್ನೂ ಬೇರೆಬೇರೆ ಎಣಿಸುವ ಯಂತ್ರಗಳು ಬಂದಿವೆ. ಬೆಲೆ ಕೇಳಿದರೆ ನಮ್ಮ ಮ್ಯಾನೇಜರ್‌ಗೆ ಉರಿಯೂತ ಬರುತ್ತದೆ.

ಒಂದು ಅಡ್ಡ ಮಾತು. ಇಂಟರ್‌ಫೆರಾನ್ ಅನ್ನು ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬಿಬ್ಬರು ಕಂಡುಹಿಡಿದದ್ದು 1957ರಲ್ಲಿ. ಅದೇ 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಅದರ ಜೊತೆಗೇ ಜನರೂ ಜ್ವರ ಬಂದು ಸತ್ತರು. ಲೋಕಕ್ಕೆ ಮಂಗನ ಕಾಯಿಲೆ ಗೊತ್ತಾದದ್ದು ಹಾಗೆ. ನಾನು ಅದೇ ಸೀಮೆಯವಳು. ನಮ್ಮಲ್ಲಿ ಕಾಡಿನಲ್ಲಿ ಮಂಗ ಸತ್ತುಬಿದ್ದಿದೆ ಎಂದರೆ ಸೊಪ್ಪಿಗೆ ಹೋಗುವವರು ನಿಲ್ಲುತ್ತಿದ್ದರು, ಆರೋಗ್ಯ ಇಲಾಖೆಗೆ ಸುದ್ದಿ ಹೋಗುತ್ತಿತ್ತು. ಮಂಗ ತಾನು ಸತ್ತು ನಮಗೆ ಎಚ್ಚರಿಕೆ ಕೊಡುತ್ತಿತ್ತು. ಅದೇ ಕಾಡಿನಲ್ಲಿ ಮೇಯುವ ದನ ಮೈತುಂಬಾ ಉಣುಗು ಹೊತ್ತು ಮನೆಗೆ ಬಂದರೂ ಕಾಯಿಲೆ ಬೀಳುತ್ತಿರಲಿಲ್ಲ. ಒಂಟೆ ಮಂಗದ ಹಾಗಲ್ಲ. ಆರಾಮಾಗಿ ಮೆಲುಕು ಹಾಕುತ್ತಾ ನಿಂತಿರುತ್ತದೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೊರಗಿನಿಂದ ಆರೋಗ್ಯ ಕಾಣುವ ಪ್ರಾಣಿಯ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಲು ಹಾಳೆ ಎಣಿಸುವುದೊಂದೇ ದಾರಿಯಾಗುವುದು ಇಂಥ ಕಡೆ.

ಅಲ್ಪಾಕಾ ಬಿಟ್ಟು ಇಲಿಗಳಲ್ಲಿ ನಡೆದ ಪ್ರಯೋಗವೊಂದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಮನುಷ್ಯನ ಡಿಪಿಪಿ-4 ಜೀನ್ ಸೇರಿಸಿದ ಇಲಿಗಳಿಗೆ ಮರ್ಸ್ ತಗುಲಿಸಿ, ಒಂದು ಗುಂಪಿಗೆ ಇಂಟರ್‌ಫೆರಾನ್ ಬೇಗ ಕೊಟ್ಟರು, ಇನ್ನೊಂದಕ್ಕೆ ತಡವಾಗಿ ಕೊಟ್ಟರು. ಬೇಗ ಕೊಟ್ಟವು ಬದುಕಿದವು. ತಡವಾಗಿ ಕೊಟ್ಟವುಗಳ ಕಾಯಿಲೆ ಇನ್ನೂ ಜೋರಾಯಿತು. ಅದೇ ಪ್ರೋಟೀನು! ಹಾಗಾಗಿ ಒಂದು ಜೀನ್ ಏರಿತು, ಇಳಿಯಿತು ಅನ್ನುವುದರಿಂದ ಒಳ್ಳೆಯದೋ ಕೆಟ್ಟದ್ದೋ ಹೇಳಲಾಗುವುದಿಲ್ಲ. ಯಾವ ಜೀವಕೋಶದಲ್ಲಿ, ಯಾವ ದಿನ ಎಂದು ಕೇಳಲೇಬೇಕು. ಅಲ್ಪಾಕಾದ ಎರಡನೇ ದಿನದ ಮೂಗನ್ನು, ಆಸ್ಪತ್ರೆಗೆ ಹತ್ತನೇ ದಿನ ಬಂದ ಮನುಷ್ಯನ ರಕ್ತದ ಜೊತೆ ಪಕ್ಕಪಕ್ಕ ಇಟ್ಟು "ನೋಡಿ ವ್ಯತ್ಯಾಸ" ಅನ್ನುವ ಲೇಖನಗಳೂ ಇವೆ. ಪ್ರಾಣಿ ಬೇರೆ, ಅಂಗ ಬೇರೆ, ದಿನ ಬೇರೆ. ಪೋಷಕರು ಮಕ್ಕಳನ್ನು ಪಕ್ಕದ ಮನೆಯ ಮಕ್ಕಳಿಗೆ ಹೋಲಿಸುವುದು ಹೆಚ್ಚುಕಡಿಮೆ ಹೀಗೆಯೇ. ಹೆಚ್ಚು ಹೇಳುವುದಿಲ್ಲ, ಮುಂದಿನ ಸಾಲಿನಲ್ಲಿ ನನ್ನ ಮಗನೂ ಕೂತಿದ್ದಾನೆ.

ಇನ್ನೊಂದು ಪ್ರಶ್ನೆ ಈಗ ಕೆಲವರ ತಲೆಯಲ್ಲಿ ಓಡುತ್ತಿರಬಹುದು. ಡಿಪಿಪಿ-4 ಎಂಬ ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ? ನಿಮ್ಮ ಮಾತ್ರೆ ಡಬ್ಬಿಯಲ್ಲಿದೆ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳು ತಡೆಯುವುದು ಇದೇ ಡಿಪಿಪಿ-4 ಅನ್ನು. ಊಟದ ನಂತರ ಇನ್ಸುಲಿನ್ ಬಿಡುಗಡೆಗೆ ನೆರವಾಗುವ ಒಂದು ಹಾರ್ಮೋನನ್ನು ಈ ಪ್ರೋಟೀನು ಕತ್ತರಿಸಿ ಹಾಕುತ್ತದೆ, ಮಾತ್ರೆ ಆ ಕತ್ತರಿಯನ್ನು ಹಿಡಿದು ನಿಲ್ಲಿಸುತ್ತದೆ. ಹಾಗಾದರೆ ಮಾತ್ರೆ ತೆಗೆದುಕೊಂಡವರಿಗೆ ಮರ್ಸ್ ಬರುವುದಿಲ್ಲವೇ ಎಂದು ನನ್ನ ಯಜಮಾನರು ಬಹಳ ಆಸೆಯಿಂದ ಕೇಳಿದರು. ಇಲ್ಲ. 2013ರ ಅದೇ ಪ್ರಬಂಧದಲ್ಲಿ ಇದನ್ನೂ ಪರೀಕ್ಷಿಸಿದ್ದಾರೆ. ವೈರಸ್ ಹಿಡಿಯುವ ಜಾಗ ಬೇರೆ, ಕತ್ತರಿಯ ಅಲಗು ಬೇರೆ. ಸೋಂಕು ನಿಲ್ಲಲಿಲ್ಲ. ಮಾತ್ರೆಯನ್ನು ಸಕ್ಕರೆಗಾಗಿಯೇ ತೆಗೆದುಕೊಳ್ಳಿ. ಬದಲಿಗೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಮರ್ಸ್ ಜೋರಾಗಿ ಬರುತ್ತದೆ. ಧೂಮಪಾನಿಗಳ ಮತ್ತು ದೀರ್ಘಕಾಲದ ಶ್ವಾಸಕೋಶ ರೋಗಿಗಳ ಶ್ವಾಸಕೋಶದಲ್ಲಿ ಡಿಪಿಪಿ-4 ಹೆಚ್ಚಾಗಿ ಕೆಲಸಕ್ಕಿಳಿದಿರುತ್ತದೆ ಎಂದೂ ಕಂಡಿದೆ. ಸಿಗರೇಟು ಎಳೆಯುವವರು ವೈರಸ್ಸಿಗೆ ಹಿಡಿಕೆ ಜಾಸ್ತಿ ಜೋಡಿಸಿಕೊಡುತ್ತಿದ್ದಾರೆ ಅನ್ನಬಹುದು.

ಇದರಿಂದ ಯಾರಿಗೆ ಏನಾಗಬೇಕು ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ನಮ್ಮ ಮಕ್ಕಳಲ್ಲ, ಆ ಜಾಖೂರ್‌ಗಳಲ್ಲಿ ಒಂಟೆಗಳ ಪಕ್ಕದಲ್ಲೇ ಮಲಗುವ ಕೆಲಸಗಾರರು. ಸೂಡಾನಿನವರು, ಬಾಂಗ್ಲಾದವರು, ನಮ್ಮ ದೇಶದವರೂ ಇದ್ದಾರೆ. ಸೌದಿಯಲ್ಲಿ ಹತ್ತು ಸಾವಿರ ಜನರ ರಕ್ತ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮರ್ಸ್ ಸೋಂಕಿನ ಗುರುತು ಸಾಮಾನ್ಯ ಜನರಿಗಿಂತ ಒಂಟೆ ಕಾಯುವವರಲ್ಲಿ 15 ಪಟ್ಟು, ಕಸಾಯಿಖಾನೆಯ ಕೆಲಸಗಾರರಲ್ಲಿ 23 ಪಟ್ಟು ಹೆಚ್ಚು ಕಂಡಿತು. ಅವರು ಕೆಮ್ಮಿದರೆ "ಮರಳಿನ ಧೂಳು" ಎನ್ನುವವರೇ ಹೆಚ್ಚು. ವೈರಸ್ ಒಂಟೆಯ ಮೂಗಿನಲ್ಲಿ ನೆಲೆಸುತ್ತದೆ ಅನ್ನುವುದು ಗೊತ್ತಾದ ಮೇಲೆ ಒಂಟೆಗೇ ಲಸಿಕೆ ಕೊಡುವ ಯೋಚನೆಗೆ ಬಲ ಬಂದಿದೆ. 2016ರಲ್ಲಿ ಎರಾಸ್ಮಸ್‌ನವರೂ ಅವರ ಜೊತೆಗಾರರೂ ಒಂಟೆಗಳಿಗೆ ಮೂಗಿನಲ್ಲೂ ಸ್ನಾಯುವಿನಲ್ಲೂ ಲಸಿಕೆ ಕೊಟ್ಟು ನೋಡಿದಾಗ ಅವು ಹೊರಬಿಡುವ ವೈರಸ್ ಬಹಳ ಕಡಿಮೆಯಾಯಿತು. ಒಂಟೆಗೆ ಬರೀ ನೆಗಡಿ, ಅದಕ್ಕೆ ಲಸಿಕೆಯ ಖರ್ಚು ಯಾರು ಕೊಡಬೇಕು ಅನ್ನುವುದು ಬೇರೆ ಜಗಳ. ಕೊಡಬೇಕಾದವರು ಒಂಟೆಯ ಯಜಮಾನರೇ, ಆದರೆ ಲಾಭ ಅವರ ಕೂಲಿಯವನಿಗೆ. ಆ ಜಗಳ ಬೇಗ ಮುಗಿಯುತ್ತದೆಂದು ನನಗನ್ನಿಸುವುದಿಲ್ಲ.

ಇನ್ನು ನಮ್ಮ ಮಾತು. ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಇಲ್ಲಿ ಮರಳುಗಾಡಿನ ಡೇರೆಗಳ ಕಾಲ. ಒಂಟೆ ಮರಿ ಹಾಕುವುದೂ ಅದೇ ಚಳಿಯಲ್ಲಿ. ವೈರಸ್ ಅತಿ ಹೆಚ್ಚು ಸಿಗುವುದು ದೊಡ್ಡ ಒಂಟೆಗಳಲ್ಲಲ್ಲ, ಎಳೆಯವುಗಳಲ್ಲಿ. ಮಕ್ಕಳು ಓಡಿಹೋಗಿ ಮುದ್ದಿಸುವುದೂ ಅವನ್ನೇ. ದೂರದಿಂದ ನೋಡಲಿ, ಫೋಟೋ ತೆಗೆಯಲಿ, ಮುಟ್ಟಿದರೆ ಸೋಪು ಹಚ್ಚಿ ಕೈ ತೊಳೆಯಲಿ. ಮೂಗು ಸುರಿಯುವ ಮರಿಗೆ ಮುತ್ತು ಬೇಡ. ದಾರಿ ಬದಿಯಲ್ಲಿ ಕರೆದ ಹಸಿ ಒಂಟೆ ಹಾಲು "ಸಕ್ಕರೆ ಕಾಯಿಲೆಗೆ ಒಳ್ಳೆಯದು" ಎಂದು ಅಜ್ಜ ಅಜ್ಜಿಯರಿಗೆ ತಂದುಕೊಡುವವರಿದ್ದಾರೆ. ದಯವಿಟ್ಟು ಕಾಯಿಸಿಕೊಡಿ. ಹಾಲಿಗೆ ಈ ವೈರಸ್ ಬೆರೆಸಿ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿಟ್ಟರೆ 72 ಗಂಟೆಯ ನಂತರವೂ ಬದುಕಿತ್ತು, 63 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿದರೆ ಉಳಿಯಲಿಲ್ಲ. ಮರ್ಸ್ ಬಿಡಿ, ಹಸಿ ಹಾಲಿನಿಂದ ಬರುವ ಬ್ರುಸೆಲ್ಲಾ ಜ್ವರ ಈ ಭಾಗದಲ್ಲಿ ಅದಕ್ಕಿಂತ ಎಷ್ಟೋ ಸಾಮಾನ್ಯ. ನಮ್ಮ ಅಮ್ಮಂದಿರು ಹಾಲನ್ನು ಉಕ್ಕಿಸದೆ ಯಾವತ್ತೂ ಕೊಟ್ಟವರಲ್ಲ, ಕುವೈತಿಗೆ ಬಂದ ಮೇಲೆ ಆ ಅಭ್ಯಾಸ ಬಿಡಲು ಕಾರಣವಿಲ್ಲ.

ಇಪ್ಪತ್ತು ನಿಮಿಷ ಎಂದಿದ್ದರು, ಸಮಯ ಮುಗಿಯುತ್ತಾ ಬಂತು. ಊಟದ ಹಾಲಿನ ಪಕ್ಕದ ಕೋಣೆಯಲ್ಲಿ ಒಂದು ಸೂಕ್ಷ್ಮದರ್ಶಕ ಇಟ್ಟಿದ್ದೇನೆ. ಬಣ್ಣ ಹಾಕಿ ಗಾಜಿನ ಮೇಲೆ ಕೂರಿಸಿದ ಎರಡು ಸ್ಲೈಡುಗಳಿವೆ, ಎರಡೂ ಒಂದೇ ಕುರಿಯವು: ಒಂದು ಮೂಗಿನ ಒಳಪೊರೆ, ಇನ್ನೊಂದು ಶ್ವಾಸಕೋಶ. ಒಂದೇ ಪ್ರಾಣಿ, ಒಂದೇ ಕಪಾಟು, ಆದರೆ ಮೂಗಿನಲ್ಲಿ ಪೊರಕೆಯ ಕಡ್ಡಿಯಂಥ ರೋಮಗಳಿರುವ ಎತ್ತರದ ಜೀವಕೋಶಗಳು, ಶ್ವಾಸಕೋಶದಲ್ಲಿ ಜೇನುಗೂಡಿನಂಥ ಖಾಲಿ ಕೋಣೆಗಳು. ಮಕ್ಕಳು ಸಾಲಾಗಿ ಬರಲಿ, ದೊಡ್ಡವರೂ ಬರಬಹುದು. ಹೋಳಿಗೆ ತಿಂದ ಕೈ ತೊಳೆದುಕೊಂಡು ಬನ್ನಿ, ಲೆನ್ಸು ನನ್ನ ಸ್ವಂತದ್ದು.